777 ಕೊಟ್ಟರೂ ತೆರೆಯದ ಫೋಲ್ಡರ್: ಒಂದು ಪ್ರಕಾಶನದ ಸೈಟಿಗೆ ಸ್ಮಾರ್ಟಿ ಹಾಕಿದ ಪ್ರಕರಣ

ಇದು ಒಂದು ಸಣ್ಣ ಕನ್ನಡ ಪ್ರಕಾಶನದ ವೆಬ್‌ಸೈಟಿನ ಪ್ರಕರಣ. ಪ್ರಕಾಶನದ ಹೆಸರು, ಊರು, ಕೆಲಸ ಮಾಡಿದವರ ಹೆಸರು ಯಾವುದನ್ನೂ ಹೇಳುವುದಿಲ್ಲ. ಸೈಟನ್ನು ದಿನವೂ ನೋಡಿಕೊಳ್ಳುವ ಹುಡುಗನನ್ನು 'ಹುಡುಗ' ಎಂದೇ ಕರೆಯುತ್ತೇನೆ. ಪ್ರಕಾಶನ ನಡೆಸುವ ಹಿರಿಯರು 'ಯಜಮಾನರು'. ಸರ್ವರ್ ಕೆಲಸಕ್ಕೆ ಬೇಕಾದಾಗ ಅವರು ನನ್ನನ್ನು ಕರೆಯುತ್ತಾರೆ. ಇಲ್ಲಿ ನಡೆದ ಒಂದು ದೊಡ್ಡ ತಪ್ಪಿನಲ್ಲಿ ನನ್ನ ಪಾಲೂ ಇದೆ, ಅದನ್ನು ಆ ಜಾಗ ಬಂದಾಗ ಹೇಳುತ್ತೇನೆ.

ಹಿನ್ನೆಲೆ

ಸೈಟು ಪಿಎಚ್‌ಪಿ ಎಂಬ ಪ್ರೋಗ್ರಾಂ ಭಾಷೆಯದು. ಪುಟಗಳ ರೂಪಕ್ಕೆ ಸ್ಮಾರ್ಟಿ ಎಂಬ ಟೆಂಪ್ಲೇಟ್ ಎಂಜಿನ್, ಅಂದರೆ ಪುಟದ ಅಚ್ಚಿಗೆ ಮಾಹಿತಿ ತುಂಬಿಕೊಡುವ ಸಾಧನ, ಅದೂ 2.6ರ ಹಳೆಯ ಆವೃತ್ತಿ. ಸರ್ವರಿನಲ್ಲಿ ಸೆಂಟ್‌ಒಎಸ್ 7 ಎಂಬ ಆಪರೇಟಿಂಗ್ ಸಿಸ್ಟಂ, ಅದರ ಜತೆಗೇ ಬರುವ ಪಿಎಚ್‌ಪಿ 5.4, ಮುಂದೆ ಅಪಾಚೆ ಎಂಬ ವೆಬ್ ಸರ್ವರ್. ವರ್ಷಗಟ್ಟಲೆ ಯಾರೂ ಮುಟ್ಟದೆ ನಡೆದುಕೊಂಡು ಬಂದಿತ್ತು. 2024ರ ಜೂನ್ 30ಕ್ಕೆ ಸೆಂಟ್‌ಒಎಸ್ 7ರ ಬೆಂಬಲ ಮುಗಿಯಿತು. ಇನ್ನು ಭದ್ರತೆಯ ಅಪ್‌ಡೇಟ್ ಬರುವುದಿಲ್ಲ ಎಂದಾಗ ಸರ್ವರ್ ಬದಲಿಸಲು ಯಜಮಾನರು ಒಪ್ಪಿದರು. ಒಂದೇ ಷರತ್ತು: ನವೆಂಬರ್ 1ರ ರಾಜ್ಯೋತ್ಸವದ ರಿಯಾಯಿತಿ ಮಾರಾಟಕ್ಕೆ ಎಲ್ಲಾ ಸರಿಯಾಗಿರಬೇಕು. ಕನ್ನಡ ಪುಸ್ತಕದವರಿಗೆ ಅದು ವರ್ಷದ ದೊಡ್ಡ ಸುಗ್ಗಿ.

ಹೊಸ ಸರ್ವರಿಗೆ ಆಪರೇಟಿಂಗ್ ಸಿಸ್ಟಂ ಆಲ್ಮಾಲಿನಕ್ಸ್ 9, ಪಿಎಚ್‌ಪಿ 8.2, ಮುಂದೆ ಅಪಾಚೆಯ ಬದಲು ಎನ್‌ಜಿನ್‌ಎಕ್ಸ್ ಎಂದು ನಿರ್ಧರಿಸಿದೆವು.

ಸ್ಮಾರ್ಟಿ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಅದಕ್ಕೆ ನಾಲ್ಕು ಫೋಲ್ಡರ್ ಬೇಕು. 'ಟೆಂಪ್ಲೇಟ್ಸ್'ನಲ್ಲಿ ನಾವು ಬರೆದ ಟಿಪಿಎಲ್ ಫೈಲುಗಳು. 'ಕಾನ್ಫಿಗ್ಸ್'ನಲ್ಲಿ ಸೆಟ್ಟಿಂಗುಗಳು. 'ಕ್ಯಾಶ್'ನಲ್ಲಿ ತಯಾರಾದ ಪುಟಗಳ ಪ್ರತಿ, ಕ್ಯಾಶಿಂಗ್ ಹಾಕಿಕೊಂಡರೆ ಮಾತ್ರ. ನಾಲ್ಕನೆಯದು 'ಟೆಂಪ್ಲೇಟ್ಸ್_ಸಿ', ಇದೇ ಈ ಕಥೆಯ ಜೀವ. ಮೊದಲ ಸಲ ಒಂದು ಪುಟ ಕೇಳಿದಾಗ ಸ್ಮಾರ್ಟಿ ನಮ್ಮ ಟಿಪಿಎಲ್ ಫೈಲನ್ನು ಓದಿ, ಪಿಎಚ್‌ಪಿ ಕೋಡಾಗಿ ಬದಲಿಸಿ, ಈ ಫೋಲ್ಡರಿನಲ್ಲಿ ಬರೆದಿಡುತ್ತದೆ. ಮುಂದಿನ ಸಲದಿಂದ ಅದನ್ನೇ ಓಡಿಸುತ್ತದೆ. ನಾವು ಟಿಪಿಎಲ್ ತಿದ್ದಿದರೆ ಮಾತ್ರ ಮತ್ತೆ ಬರೆಯುತ್ತದೆ. ಅಂದರೆ ವೆಬ್ ಸರ್ವರಿನ ಕಡೆಯಿಂದ ಓಡುವ ಪ್ರೋಗ್ರಾಂ ಡಿಸ್ಕಿನ ಮೇಲೆ ಬರೆಯಲೇಬೇಕು. ಸ್ಮಾರ್ಟಿ ಹಾಕುವಾಗ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಇಲ್ಲೇ ಹುಟ್ಟುತ್ತವೆ.

ಯಾವ ಆವೃತ್ತಿ?

ಹುಡುಗ ಮೊದಲು ಹಳೆಯ ಸ್ಮಾರ್ಟಿಯನ್ನೇ ಹೊಸ ಸರ್ವರಿಗೆ ಎತ್ತಿ ಹಾಕಿ ನೋಡಿದ. ಆಗಲಿಲ್ಲ. ನಮ್ಮ ಹತ್ತಿರ ಇದ್ದ ಪ್ರತಿಯಲ್ಲಿ ಕನ್‌ಸ್ಟ್ರಕ್ಟರ್, ಅಂದರೆ ಶುರುವಿನಲ್ಲಿ ತಾನಾಗಿ ಓಡುವ ಫಂಕ್ಷನ್, ಹಳೇ ಕಾಲದ್ದು, ಕ್ಲಾಸಿನ ಹೆಸರೇ ಫಂಕ್ಷನ್ನಿನ ಹೆಸರು. ಪಿಎಚ್‌ಪಿ 8 ಅದನ್ನು ಕನ್‌ಸ್ಟ್ರಕ್ಟರ್ ಎಂದು ಗುರುತಿಸುವುದೇ ಇಲ್ಲ. ಹಳೆಯದು ಬಿಡಲೇಬೇಕಾಯಿತು.

ಟ್ವಿಗ್ ಎಂಬ ಇನ್ನೊಂದು ಟೆಂಪ್ಲೇಟ್ ಎಂಜಿನ್ನಿಗೆ ಹೋಗೋಣವಾ ಎಂದು ಹುಡುಗ ಕೇಳಿದ. ಟ್ವಿಗ್ ಚೆನ್ನಾಗಿದೆ, ಹೊಸ ಸೈಟಾಗಿದ್ದರೆ ನಾನೂ ಯೋಚಿಸುತ್ತಿದ್ದೆ. ಆದರೆ ನಮ್ಮಲ್ಲಿ 63 ಟೆಂಪ್ಲೇಟ್ ಫೈಲುಗಳಿದ್ದವು, ಕೈಯಲ್ಲಿದ್ದದ್ದು ಒಂದೂವರೆ ತಿಂಗಳು. ಎಲ್ಲವನ್ನೂ ಹೊಸ ಭಾಷೆಯಲ್ಲಿ ಬರೆಯುವುದು ಆಗದ ಮಾತು. ಸ್ಮಾರ್ಟಿ 5 ಅದೇ ವರ್ಷ ಬಂದಿತ್ತು. ಅದರಲ್ಲಿ ಪಿಎಚ್‌ಪಿಯ ಫಂಕ್ಷನ್ನುಗಳನ್ನು ಟೆಂಪ್ಲೇಟಿನೊಳಗೆ ಮಾಡಿಫೈಯರ್ ಆಗಿ, ಅಂದರೆ ತೋರಿಸುವ ಮುನ್ನ ಮಾಹಿತಿಯ ರೂಪ ಬದಲಿಸಲು, ಸುಮ್ನೆ ಬಳಸುವ ಹಾಗಿಲ್ಲ, ಮೊದಲೇ ನೋಂದಾಯಿಸಬೇಕು. ನಮ್ಮ ಟೆಂಪ್ಲೇಟುಗಳಲ್ಲಿ ಬೆಲೆ ತೋರಿಸುವ ಕಡೆಯೆಲ್ಲಾ ಅಂಥ ಬಳಕೆ ಇತ್ತು. ಹಾಗಾಗಿ ಸದ್ಯಕ್ಕೆ ಸ್ಮಾರ್ಟಿ 4, ಮುಂದಿನ ವರ್ಷ 5 ಎಂದು ಗೆರೆ ಎಳೆದೆವು. ಈ ತೀರ್ಮಾನ ಸರಿಯಾಗಿತ್ತು ಎಂದು ಈಗಲೂ ನಂಬುತ್ತೇನೆ. ಒಂದೇ ಸಲಕ್ಕೆ ಆಪರೇಟಿಂಗ್ ಸಿಸ್ಟಂ, ಪಿಎಚ್‌ಪಿ, ವೆಬ್ ಸರ್ವರ್ ಮೂರನ್ನೂ ಬದಲಿಸುತ್ತಿದ್ದೆವು, ನಾಲ್ಕನೆಯದರಲ್ಲಿ ಆದಷ್ಟು ಚಿಕ್ಕ ಹೆಜ್ಜೆ ಇಡುವುದು ಒಳ್ಳೆಯದು ಅಲ್ವಾ?

ಪಿಎಚ್‌ಪಿಯ ಪ್ಯಾಕೇಜುಗಳನ್ನು ತಂದುಕೊಡುವ ಕಂಪೋಸರಿನಲ್ಲಿ ಸ್ಮಾರ್ಟಿ ತರಿಸುವಾಗ ಹುಡುಗ ಆವೃತ್ತಿಯ ಸಂಖ್ಯೆ ಹಾಕಲು ಮರೆತ. ಕಂಪೋಸರ್ 5ನ್ನು ತಂದಿಟ್ಟಿತು. 'ಸ್ಮಾರ್ಟಿ ಎಂಬ ಕ್ಲಾಸ್ ಸಿಗಲಿಲ್ಲ' ಎಂಬ ದೋಷ ಬಂತು. 5ರಲ್ಲಿ ಆ ಕ್ಲಾಸು ನೇಮ್‌ಸ್ಪೇಸ್ ಎಂಬ ಹೆಸರಿನ ಗುಂಪಿನ ಒಳಗೆ ಹೋಗಿದೆ, ಹಳೆಯ ಹೆಸರಿನಲ್ಲಿ ಕರೆದರೆ ಓಗೊಡುವುದಿಲ್ಲ. ಕ್ಯಾರೆಟ್ (^) ಗುರುತು ಹಾಕಿ 4 ಎಂದು ಬರೆದ ಮೇಲೆ ಸರಿಯಾಯಿತು.

ಬೀಗ ಯಾವುದು?

ನಿಜವಾದ ತೊಂದರೆ ಶುರುವಾದದ್ದು ಆಮೇಲೆ. ಬ್ರೌಸರಿನಲ್ಲಿ ತೆರೆದರೆ 'ಇಂಡೆಕ್ಸ್ ಡಾಟ್ ಟಿಪಿಎಲ್ ಟೆಂಪ್ಲೇಟ್ ಲೋಡ್ ಮಾಡಲಾಗಲಿಲ್ಲ' ಎಂದು ಬರುತ್ತಿತ್ತು. ಫೈಲು ಕಣ್ಣೆದುರೇ ಇದೆ. ಹುಡುಗ ಫೋನ್ ಮಾಡಿದ.

"ಸರ್, 777 ಕೊಟ್ರೂ ಬರ್ತಿಲ್ಲ."

"ಫೈಲುಗಳನ್ನ ಅಲ್ಲಿಗೆ ಹೇಗೆ ತಂದೆ?"

"ನನ್ನ ಹೋಮ್ ಫೋಲ್ಡರಿಗೆ ಅಪ್‌ಲೋಡ್ ಮಾಡಿ, ಅಲ್ಲಿಂದ ಮೂವ್ ಮಾಡ್ದೆ ಸರ್."

777 ಎಂದರೆ ಯಾರು ಬೇಕಾದರೂ ಓದಬಹುದು, ಬರೆಯಬಹುದು, ಓಡಿಸಬಹುದು ಎಂಬ ಪರ್ಮಿಷನ್. ಅಷ್ಟು ಕೊಟ್ಟರೂ ತೆರೆಯದ್ದಕ್ಕೆ ಕಾರಣ ಅವನ ಆ ಮೂವ್‌ನಲ್ಲೇ ಇತ್ತು. ಆಲ್ಮಾಲಿನಕ್ಸಿನಲ್ಲಿ ಎಸ್‌ಇಲಿನಕ್ಸ್ ಎಂಬ ಎರಡನೆಯ ಕಾವಲು ಮೊದಲಿನಿಂದಲೇ ಚಾಲೂ ಇರುತ್ತದೆ. ಸಾಮಾನ್ಯ ಪರ್ಮಿಷನ್ ಏನೇ ಹೇಳಲಿ, ಇದು ಪ್ರತಿ ಫೈಲಿಗೂ ಅಂಟಿಸಿದ ಒಂದು ಚೀಟಿಯನ್ನು ಬೇರೆಯಾಗಿ ನೋಡುತ್ತದೆ. ಫೈಲನ್ನು ಕಾಪಿ ಮಾಡಿದರೆ ಹೊಸ ಜಾಗದ ಚೀಟಿ ಬರುತ್ತದೆ. ಮೂವ್ ಮಾಡಿದರೆ ಹಳೆಯ ಚೀಟಿ ಜತೆಯಲ್ಲೇ ಬರುತ್ತದೆ. ಹುಡುಗನ ಫೈಲುಗಳ ಮೇಲೆ 'ಇದು ಬಳಕೆದಾರನ ಮನೆಯ ಸಾಮಾನು' ಎಂಬ ಚೀಟಿ ಹಾಗೇ ಇತ್ತು. ವೆಬ್ ಸರ್ವರಿಗೆ ಅದನ್ನು ಓದುವ ಹಕ್ಕಿಲ್ಲ. ಜಾಗಕ್ಕೆ ತಕ್ಕ ಚೀಟಿ ಹಾಕುವ ರಿಸ್ಟೋರ್‌ಕಾನ್ ಕಮಾಂಡ್ ಓಡಿಸಲು ಹೇಳಿದೆ, ಚೀಟಿಗಳು ಸರಿಯಾದವು, ಆ ದೋಷ ಹೋಯಿತು.

ತಕ್ಷಣ ಇನ್ನೊಂದು ಬಂತು: ಟೆಂಪ್ಲೇಟ್ಸ್_ಸಿ ಒಳಗೆ ಫೈಲು ಬರೆಯಲಾಗಲಿಲ್ಲ. ಆ ಫೈಲಿನ ಹೆಸರು ಡಬ್ಲ್ಯು-ಆರ್-ಟಿ ಎಂಬ ಮೂರು ಅಕ್ಷರಗಳಿಂದ ಶುರುವಾಗಿ ಮುಂದೆ ಉದ್ದಕ್ಕೆ ಅಂಕಿಗಳು, ಅಕ್ಷರಗಳು. ನಾವ್ಯಾರೂ ಇಟ್ಟ ಹೆಸರಲ್ಲ ಅದು. ಸ್ಮಾರ್ಟಿ ಮೊದಲು ಇಂಥ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಆಮೇಲೆ ಸರಿಯಾದ ಹೆಸರು ಕೊಡುತ್ತದೆ. ಇಂಥ ಹೆಸರು ಕಂಡರೆ ಟೆಂಪ್ಲೇಟನ್ನು ಹುಡುಕುತ್ತಾ ಕೂರಬೇಡಿ. ಅಷ್ಟು ದೂರ ಬಂದಿದೆ ಎಂದರೆ ಟೆಂಪ್ಲೇಟ್ ಸರಿಯಿದೆ, ಬರೆಯುವ ಜಾಗ ಸರಿಯಿಲ್ಲ.

ಇಲ್ಲಿ ಎರಡು ಬೀಗಗಳು ಒಟ್ಟಿಗೆ ಬಿದ್ದಿದ್ದವು.

ಮೊದಲನೆಯದು ಒಡೆತನದ್ದು, 777 ಇರುವವರೆಗೆ ಅಡ್ಡ ಬರದಿದ್ದರೂ ಅದನ್ನು ತೆಗೆದ ಕೂಡಲೇ ಬೀಳುವ ಬೀಗ. ಎನ್‌ಜಿನ್‌ಎಕ್ಸ್ ಇದೆಯಲ್ಲ ಎಂದು ಹುಡುಗ ಫೋಲ್ಡರನ್ನು ಎನ್‌ಜಿನ್‌ಎಕ್ಸ್ ಬಳಕೆದಾರನ ಹೆಸರಿಗೆ ಮಾಡಿದ್ದ. ಆದರೆ ಪಿಎಚ್‌ಪಿಯನ್ನು ಓಡಿಸುವುದು ಎನ್‌ಜಿನ್‌ಎಕ್ಸ್ ಅಲ್ಲ, ಪಿಎಚ್‌ಪಿ-ಎಫ್‌ಪಿಎಂ. ಆಲ್ಮಾಲಿನಕ್ಸಿನ ಜತೆ ಬರುವ ಅದರ ಸೆಟ್ಟಿಂಗಿನಲ್ಲಿ ಬಳಕೆದಾರ 'ಅಪಾಚೆ' ಎಂದಿರುತ್ತದೆ, ಸರ್ವರಿನಲ್ಲಿ ಅಪಾಚೆ ಹಾಕದಿದ್ದರೂ. ಎಷ್ಟೋ ಜನ ಇಲ್ಲಿ ಮುಗ್ಗರಿಸುವುದನ್ನು ನೋಡಿದ್ದೇನೆ. ಬರೆಯುವವರು ಯಾರು ಎಂದು ಊಹೆ ಮಾಡುವ ಬದಲು, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ತೆಗೆದು ಎಫ್‌ಪಿಎಂ ಎದುರಿನ ಹೆಸರು ನೋಡಿದರೆ ಮುಗಿಯಿತು.

ಎರಡನೆಯದು ಮತ್ತೆ ಎಸ್‌ಇಲಿನಕ್ಸಿನದು. ರಿಸ್ಟೋರ್‌ಕಾನ್ ಕೊಟ್ಟದ್ದು ಓದುವ ಚೀಟಿ. ಬರೆಯಲು ಬೇರೆ ಚೀಟಿ ಬೇಕು.

ಹುಡುಗನಿಗೆ ಮೊದಲನೆಯ ಬೀಗ ಹೇಳಿಕೊಟ್ಟೆ. ಸ್ಮಾರ್ಟಿಯಲ್ಲಿ ಟೆಸ್ಟ್‌ಇನ್‌ಸ್ಟಾಲ್ ಎಂಬ ಫಂಕ್ಷನ್ ಇದೆ, ನಾಲ್ಕೂ ಫೋಲ್ಡರುಗಳನ್ನು ಪರೀಕ್ಷಿಸಿ ವರದಿ ಕೊಡುತ್ತದೆ, ಅದನ್ನು ಓಡಿಸಿ ನೋಡು ಎಂದೆ. ಅವನು ಟರ್ಮಿನಲ್ಲಿನಲ್ಲಿ ಓಡಿಸಿದ. ಎಲ್ಲಾ ಸರಿ ಎಂದು ಬಂತು. ಬ್ರೌಸರಿನಲ್ಲಿ ಮಾತ್ರ ಅದೇ ದೋಷ. ಟರ್ಮಿನಲ್ಲಿನಲ್ಲಿ ಓಡಿದ ಪಿಎಚ್‌ಪಿಗೆ ವೆಬ್ ಸರ್ವರಿನ ಕಟ್ಟುಪಾಡು ಇರುವುದಿಲ್ಲ. ಅದು ನಮ್ಮ ಲಾಗಿನ್ನಿನ ಹಕ್ಕಿನಲ್ಲಿ ಓಡುತ್ತದೆ, ಎಸ್‌ಇಲಿನಕ್ಸ್ ಅದನ್ನು ತಡೆಯುವುದಿಲ್ಲ. ಪರೀಕ್ಷೆಯನ್ನು ಬ್ರೌಸರಿನಿಂದಲೇ ಮಾಡಬೇಕಿತ್ತು. ನಾನು ಅದನ್ನು ಬಿಡಿಸಿ ಹೇಳಲಿಲ್ಲ.

ಎರಡು ಗಂಟೆಯ ನಂತರ ಅವನ ಮೆಸೇಜ್ ಬಂತು: "ಸರಿಹೋಯ್ತು ಸರ್."

ಹೇಗೆ ಸರಿಹೋಯಿತು ಎಂದು ನಾನು ಕೇಳಲಿಲ್ಲ. ನಾನು ಮಾಡಿದ ತಪ್ಪು ಅದು. ಬೇರೆ ಕೆಲಸದ ಮಧ್ಯೆ ಇದ್ದೆ, 'ಒಳ್ಳೇದು' ಎಂದು ಉತ್ತರ ಹಾಕಿ ಮುಂದೆ ಹೋದೆ.

ಟೆಂಪ್ಲೇಟುಗಳ ದುರಸ್ತಿ

ಮುಂದಿನ ಎರಡು ವಾರ ಟೆಂಪ್ಲೇಟುಗಳನ್ನು ಸ್ಮಾರ್ಟಿ 4ಕ್ಕೆ ಒಗ್ಗಿಸುವ ಕೆಲಸ. ಹೆಚ್ಚಿನದು ಸಲೀಸಾಗಿ ಬಂತು. 11 ಫೈಲುಗಳಲ್ಲಿ ಟೆಂಪ್ಲೇಟಿನ ಒಳಗೇ ಪಿಎಚ್‌ಪಿ ಟ್ಯಾಗ್ ಹಾಕಿ ಕೋಡ್ ಬರೆದಿದ್ದರು. 4ರಲ್ಲಿ ಆ ಟ್ಯಾಗೇ ಇಲ್ಲ. ಇದು ಒಳ್ಳೆಯದೇ ಆಯಿತು. ರಿಯಾಯಿತಿಯ ಲೆಕ್ಕ ಮೂರು ಟೆಂಪ್ಲೇಟುಗಳಲ್ಲಿ ಮೂರು ಥರ ಇತ್ತು. ಪುಸ್ತಕದ ಪುಟದಲ್ಲಿ ಒಂದು ಬೆಲೆ, ಬುಟ್ಟಿಯಲ್ಲಿ ಒಂದು ರೂಪಾಯಿ ಜಾಸ್ತಿ. ಲೆಕ್ಕವನ್ನು ಹೊರಗೆ ಒಂದೇ ಕಡೆ ಇಟ್ಟು, ಉತ್ತರವನ್ನು ಮಾತ್ರ ಟೆಂಪ್ಲೇಟಿಗೆ ಕಳಿಸಿದೆವು.

ಎಚ್‌ಟಿಎಂಎಲ್ ಎಸ್ಕೇಪನ್ನು, ಅಂದರೆ ಮಾಹಿತಿಯಲ್ಲಿರುವ ಟ್ಯಾಗುಗಳು ಓಡದೆ ಬರೀ ಅಕ್ಷರಗಳಾಗಿ ಕಾಣುವಂತೆ ಮಾಡುವುದನ್ನು, ಎಲ್ಲಾ ಕಡೆ ತಾನಾಗಿಯೇ ಆಗುವಂತೆ ಮಾಡಿದೆವು. ಓದುಗರು ಬರೆಯುವ ಅಭಿಪ್ರಾಯಗಳು ಹಳೆಯ ಸೈಟಿನಲ್ಲಿ ಹಾಗೆಹಾಗೇ ಪುಟಕ್ಕೆ ಹೋಗುತ್ತಿದ್ದವು, ಯಾರಾದರೂ ಸ್ಕ್ರಿಪ್ಟ್ ತುಂಬಿದ್ದರೆ ಅದೂ ಓಡುತ್ತಿತ್ತು. ಬೇಕೆಂದೇ ಟ್ಯಾಗ್ ಇಟ್ಟಿದ್ದ ಎರಡು ಕಡೆ ಮಾತ್ರ, ಎಸ್ಕೇಪ್ ಆಗದಿರಲಿ ಎಂದು, 'ನೋಫಿಲ್ಟರ್' ಎಂದು ಬರೆದೆವು.

ಕನ್ನಡದ ಸೈಟು ಇರುವವರು ಗಮನಿಸಬೇಕಾದ ಒಂದು ವಿಷಯವಿದೆ. ಮುಖಪುಟದಲ್ಲಿ ಪ್ರತಿ ಪುಸ್ತಕದ ಕೆಳಗೆ ಎರಡು ಸಾಲಿನ ಪರಿಚಯ ಬರುತ್ತದೆ, ಉದ್ದವಾದದ್ದನ್ನು 'ಟ್ರಂಕೇಟ್' ಮಾಡಿಫೈಯರ್ ಕತ್ತರಿಸುತ್ತದೆ. ಹೊಸ ಸರ್ವರಿನಲ್ಲಿ ನೋಡಿದರೆ ಪರಿಚಯಗಳು ಮೂರು ಪಟ್ಟು ಉದ್ದವಾಗಿ, ಪುಟವೆಲ್ಲಾ ಕೆಳಗೆ ಜಾರಿತ್ತು. ಟೆಂಪ್ಲೇಟಿನಲ್ಲಿ ಇದ್ದದ್ದು 240. ಸ್ಮಾರ್ಟಿ 2.6 ಉದ್ದವನ್ನು ಬೈಟುಗಳಲ್ಲಿ ಎಣಿಸುತ್ತಿತ್ತು. ಯೂನಿಕೋಡಿನ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಹೊಸ ಸ್ಮಾರ್ಟಿ, ಪಿಎಚ್‌ಪಿಯಲ್ಲಿ ಎಂಬಿಸ್ಟ್ರಿಂಗ್ ಎಂಬ ಹೆಚ್ಚುವರಿ ಭಾಗ ಇದ್ದರೆ, ಸಂಕೇತಗಳನ್ನೇ ಎಣಿಸುತ್ತದೆ, ಅದನ್ನು ನಾವು ಹಾಕಿದ್ದೆವು. 240 ಬೈಟು ಹೋಗಿ 240 ಸಂಕೇತ ಆಯಿತು. 80 ಎಂದು ಬದಲಿಸಿದ ಮೇಲೆ ಪುಟ ಮೊದಲಿನಂತಾಯಿತು.

ಆಗಲೂ ಎಣಿಕೆ ನಮ್ಮ ಕಣ್ಣಿನ ಲೆಕ್ಕಕ್ಕೆ ಸಿಗುವುದಿಲ್ಲ. 'ಸ್ತ್ರೀ' ಎಂಬುದು ನಮಗೆ ಒಂದು ಅಕ್ಷರ. ಕಂಪ್ಯೂಟರಿಗೆ ಅದು ಸ, ವಿರಾಮ, ತ, ವಿರಾಮ, ರ, ಈ-ಕಾರ: ಒಟ್ಟು 6 ಸಂಕೇತ, 18 ಬೈಟು. ಹಾಗಾಗಿ ಪದದ ಮಧ್ಯದಲ್ಲಿ ಕತ್ತರಿಸುವ ಆಯ್ಕೆಯನ್ನು ಕನ್ನಡಕ್ಕೆ ಯಾವತ್ತೂ ಹಾಕಬಾರದು. ಒತ್ತಕ್ಷರ ಅರ್ಧಕ್ಕೆ ನಿಂತು ಓದುವವರಿಗೆ ಹಿಂಸೆ ಆಗುತ್ತದೆ. ಸ್ಮಾರ್ಟಿಯ ಮೂಲ ಸೆಟ್ಟಿಂಗ್ ಪದ ಮುಗಿದ ಕಡೆಯೇ ಕತ್ತರಿಸುತ್ತದೆ, ಅದನ್ನು ಹಾಗೇ ಬಿಟ್ಟೆವು.

ಅಕ್ಟೋಬರ್ ಮಧ್ಯದಲ್ಲಿ ಹೊಸ ಸರ್ವರ್ ಚಾಲೂ ಆಯಿತು. ಯಜಮಾನರು ತಮ್ಮ ಫೋನಿನಲ್ಲಿ ಪುಟ ತೆರೆದು ನೋಡಿ, ಅಕ್ಷರ ದೊಡ್ಡದಾಗಿ ಚೆಂದ ಕಾಣುತ್ತದೆ ಎಂದರು.

ರಾಜ್ಯೋತ್ಸವದ ಬೆಳಗ್ಗೆ

ಆ ವರ್ಷ ದೀಪಾವಳಿಯೂ ಅದೇ ವಾರ ಬಿದ್ದಿತ್ತು. ಅಕ್ಟೋಬರ್ 31 ನರಕ ಚತುರ್ದಶಿ, ಮರುದಿನ ರಾಜ್ಯೋತ್ಸವ. ನಾನು ಊರಿನಲ್ಲಿದ್ದೆ. ಬೆಳಗ್ಗೆ ಏಳೂವರೆಗೆ ಯಜಮಾನರ ಫೋನ್.

"ಏನ್ರೀ, ಮೊದಲನೇ ಪುಟವೇ ಬರ್ತಿಲ್ಲ. ಜನ ಫೋನ್ ಮಾಡಿ ಕೇಳ್ತಿದಾರೆ."

ಲ್ಯಾಪ್‌ಟಾಪ್ ತೆಗೆದು ನೋಡಿದೆ. ಮುಖಪುಟ ಖಾಲಿ ಬಿಳಿ. ವಿಚಿತ್ರ ಎಂದರೆ ಪುಸ್ತಕಗಳ ಪುಟ, ಲೇಖಕರ ಪುಟ, ಬುಟ್ಟಿ ಎಲ್ಲವೂ ಸರಿಯಾಗಿ ತೆರೆಯುತ್ತಿದ್ದವು. ಡೇಟಾಬೇಸ್ ಬಿದ್ದಿದ್ದರೆ ಎಲ್ಲವೂ ಬೀಳಬೇಕಿತ್ತು. ಹುಡುಗನನ್ನು ಕೇಳಿದೆ. ಬೆಳಗ್ಗೆ ಆರಕ್ಕೆ ರಿಯಾಯಿತಿಯ ಬ್ಯಾನರ್ ಸೇರಿಸಿ ಮುಖಪುಟದ ಟೆಂಪ್ಲೇಟನ್ನು ಮಾತ್ರ ಬದಲಿಸಿದ್ದನಂತೆ. ಅವನು ತನ್ನ ಬ್ಯಾನರಿನಲ್ಲೇ ತಪ್ಪಿದೆ ಎಂದು ಅದನ್ನು ತೆಗೆದು, ಮತ್ತೆ ಹಾಕಿ, ಒಂದು ಗಂಟೆ ಒದ್ದಾಡಿದ್ದ.

ದೋಷದ ಲಾಗ್ ತೆರೆದೆ. ಅದೇ ಡಬ್ಲ್ಯು-ಆರ್-ಟಿ ಫೈಲು ಮತ್ತೆ.

ಆಗ ಚಿತ್ರ ಸ್ಪಷ್ಟವಾಯಿತು. ಮೊದಲೇ ಬರೆದಿಟ್ಟ ಪುಟಗಳನ್ನು ಓದಲು ತೊಂದರೆ ಇಲ್ಲ, ಅದಕ್ಕೇ ಅವು ಓಡುತ್ತಿವೆ. ಹೊಸದಾಗಿ ಬರೆಯಲು ಮಾತ್ರ ಆಗುತ್ತಿಲ್ಲ, ಅದಕ್ಕೇ ಬದಲಾದ ಒಂದು ಪುಟ ಬಿದ್ದಿದೆ. ನಿನ್ನೆಯವರೆಗೆ ಬರೆಯಲು ಆಗುತ್ತಿತ್ತು. ರಾತ್ರಿ ಏನಾಯಿತು? ಸರ್ವರ್ ಎಷ್ಟು ಹೊತ್ತಿನಿಂದ ಎದ್ದಿದೆ ಎಂದು ಕೇಳಿದರೆ ಆರು ಗಂಟೆ ಎಂದು ತೋರಿಸಿತು. ಹೋಸ್ಟಿಂಗ್ ಕಂಪನಿಯವರು ನಿರ್ವಹಣೆಗೆಂದು ರಾತ್ರಿ ರೀಬೂಟ್ ಮಾಡಿದ್ದರು, ಮುಂಚೆಯೇ ಮೇಲ್ ಕಳಿಸಿಯೂ ಇದ್ದರು.

ಹುಡುಗನಿಗೆ ಫೋನ್ ಮಾಡಿದೆ. "ಅವತ್ತು ಸರಿಹೋಯ್ತು ಅಂದ್ಯಲ್ಲ, ಏನ್ ಮಾಡಿದ್ದೆ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಸೆಟ್‌ಎನ್‌ಫೋರ್ಸ್ ಸೊನ್ನೆ ಅಂತ ಹೊಡೆದೆ ಸರ್. ಎಲ್ಲೋ ಓದಿದ್ದೆ."

ಆ ಕಮಾಂಡ್ ಎಸ್‌ಇಲಿನಕ್ಸಿನ ತಡೆಯನ್ನು ಇಡೀ ಸರ್ವರಿಗೆ ತೆಗೆದುಬಿಡುತ್ತದೆ. ಮುಂದಿನ ರೀಬೂಟಿನವರೆಗೆ ಮಾತ್ರ. ತಡೆ ಚಾಲೂ ಇದೆಯೇ ಎಂದು ಗೆಟ್‌ಎನ್‌ಫೋರ್ಸ್ ಹೊಡೆದು ನೋಡಬಹುದು, ಇದ್ದರೆ 'ಎನ್‌ಫೋರ್ಸಿಂಗ್' ಎಂದು ಬರುತ್ತದೆ. ಎರಡು ವಾರ ನಮ್ಮ ಸೈಟು ಕಾವಲಿಲ್ಲದೆ ನಡೆದಿತ್ತು, ರೀಬೂಟ್ ಆದ ಕೂಡಲೇ ಕಾವಲು ವಾಪಸ್ ಬಂದಿತ್ತು. ಹುಡುಗನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನು ಏನನ್ನೂ ಮುಚ್ಚಿಟ್ಟಿರಲಿಲ್ಲ, ನಾನು ಕೇಳಿರಲಿಲ್ಲ ಅಷ್ಟೇ.

ಈಗ ಎರಡು ದಾರಿ ಇದ್ದವು. ಅದೇ ಕಮಾಂಡನ್ನು ಮತ್ತೆ ಹೊಡೆದರೆ ಐದು ಸೆಕೆಂಡಿನಲ್ಲಿ ಪುಟ ಬರುತ್ತದೆ. ಯಜಮಾನರು ಇನ್ನೊಂದು ಲೈನಿನಲ್ಲಿ ಕಾಯುತ್ತಿದ್ದರು, ಆಸೆ ಆಗದೆ ಇರಲಿಲ್ಲ. ಆದರೆ ಹಬ್ಬದ ದಿನ ಹಾಗೆ ಮಾಡಿದರೆ ಹಬ್ಬ ಮುಗಿದ ಮೇಲೆ ಯಾರೂ ಸರಿ ಮಾಡುವುದಿಲ್ಲ, ಅದು ಅನುಭವದ ಮಾತು. "ಇಪ್ಪತ್ತು ನಿಮಿಷ ಕೊಡಿ ಸರ್" ಎಂದು ಯಜಮಾನರನ್ನು ಕೇಳಿದೆ. ಒಪ್ಪಿದರು.

ಮೊದಲು ಆಡಿಟ್ ಲಾಗ್ ನೋಡಿದೆ. ತಡೆದದ್ದು ಏನು ಎಂದು ಅಲ್ಲಿ ಸಾಲುಸಾಲಾಗಿ ಬರೆದಿತ್ತು: ಪಿಎಚ್‌ಪಿ-ಎಫ್‌ಪಿಎಂ ಎಂಬುದು ಟೆಂಪ್ಲೇಟ್ಸ್_ಸಿ ಎಂಬ ಫೋಲ್ಡರಿನಲ್ಲಿ ಬರೆಯಲು ಹೋಯಿತು, ಬಿಡಲಿಲ್ಲ. ಇಷ್ಟು ನೇರವಾಗಿ ಉತ್ತರ ಕೊಡುವ ಲಾಗ್ ಕಡಿಮೆ. ಸೆಪ್ಟೆಂಬರಿನಲ್ಲೇ ಅದನ್ನು ತೆರೆದಿದ್ದರೆ ಹತ್ತು ನಿಮಿಷದ ಕೆಲಸ ಆಗಿರುತ್ತಿತ್ತು.

ಫೋಲ್ಡರಿಗೆ ಬರೆಯುವ ಚೀಟಿಯನ್ನು ಶಾಶ್ವತವಾಗಿ ಹಾಕಲು ಸೆಮ್ಯಾನೇಜ್ ಎಂಬ ಕಮಾಂಡ್ ಬೇಕು. ಅದು ಸರ್ವರಿನಲ್ಲಿ ಇರಲಿಲ್ಲ, ಅದರ ಪ್ಯಾಕೇಜ್ ಬೇರೆಯಾಗಿ ಹಾಕಿಕೊಂಡೆ. ಟೆಂಪ್ಲೇಟ್ಸ್_ಸಿ ಮತ್ತು ಕ್ಯಾಶ್ ಎರಡಕ್ಕೆ ಮಾತ್ರ 'ಎಚ್‌ಟಿಟಿಪಿಡಿ_ಸಿಸ್_ಆರ್‌ಡಬ್ಲ್ಯು_ಕಂಟೆಂಟ್_ಟಿ' ಎಂಬ ಚೀಟಿಯ ನಿಯಮ ಬರೆದು, ರಿಸ್ಟೋರ್‌ಕಾನ್ ಓಡಿಸಿದೆ. ಸಿಎಚ್‌ಕಾನ್ ಎಂಬ ಇನ್ನೊಂದು ಕಮಾಂಡ್ ಇನ್ನೂ ಬೇಗ ಆಗುತ್ತದೆ. ಆದರೆ ಅದು ಚೀಟಿಯನ್ನು ಮಾತ್ರ ಬದಲಿಸುತ್ತದೆ, ನಿಯಮವನ್ನು ಬರೆಯುವುದಿಲ್ಲ. ಮುಂದೆ ಯಾರಾದರೂ ರಿಸ್ಟೋರ್‌ಕಾನ್ ಓಡಿಸಿದರೆ ಮತ್ತೆ ಹಳೆಯದಕ್ಕೇ ಹೋಗುತ್ತದೆ. 777 ತೆಗೆದು, ಆ ಎರಡು ಫೋಲ್ಡರುಗಳನ್ನು ಅಪಾಚೆ ಬಳಕೆದಾರನ ಹೆಸರಿಗೆ 770, ಅಂದರೆ ಒಡೆಯನಿಗೆ ಮತ್ತು ಅವನ ಗುಂಪಿಗೆ ಮಾತ್ರ, ಮಾಡಿದೆ. ಪುಟ ತೆರೆದೆ. ಕೆಂಪು ಹಳದಿ ಬ್ಯಾನರ್ ಬಂತು. ಒಟ್ಟು 25 ನಿಮಿಷ ಹಿಡಿದಿತ್ತು.

ಅದೇ ದಿನ ಸಿಕ್ಕ ಇನ್ನೊಂದು

ಕೆಲಸ ಮುಗಿದರೂ ಮನಸ್ಸು ಕೇಳಲಿಲ್ಲ. ಹೊಸ ಸರ್ವರ್ ನಮಗೆ ಗೊತ್ತಿಲ್ಲದ ಬೀಗ ಹಾಕಿತ್ತು. ಹಾಗಾದರೆ ಹಳೆಯ ಸರ್ವರ್ ನಮಗೆ ಗೊತ್ತಿಲ್ಲದೆ ಹಾಕಿದ್ದ ಬೀಗ ಯಾವುದಾದರೂ ಇಲ್ಲಿ ಬಿಟ್ಟುಹೋಗಿದೆಯೇ? ಹಳೆಯ ಬ್ಯಾಕಪ್ ತೆಗೆದು ಫೋಲ್ಡರುಗಳನ್ನು ಒಂದೊಂದಾಗಿ ನೋಡಿದೆ. ಕಾನ್ಫಿಗ್ಸ್ ಫೋಲ್ಡರಿನಲ್ಲಿ ಎಚ್‌ಟಿಆಕ್ಸೆಸ್ ಎಂಬ, ಅಪಾಚೆ ಓದಿ ಪಾಲಿಸುವ ನಿಯಮಗಳ ಫೈಲು ಇತ್ತು, 'ಹೊರಗಿನವರಿಗೆ ಪ್ರವೇಶ ಇಲ್ಲ' ಎಂಬ ಸಾಲಿನ ಜತೆ. ಎನ್‌ಜಿನ್‌ಎಕ್ಸ್ ಆ ಫೈಲನ್ನು ಓದುವುದೇ ಇಲ್ಲ.

ಬ್ರೌಸರಿನಲ್ಲಿ ಆ ಫೋಲ್ಡರಿನ ಸೆಟ್ಟಿಂಗ್ ಫೈಲಿನ ವಿಳಾಸ ಹೊಡೆದೆ. ಫೈಲು ಸೀದಾ ಡೌನ್‌ಲೋಡ್ ಆಯಿತು. ತೆರೆದರೆ ಒಳಗೆ ಆರ್ಡರ್ ಮೇಲ್ ಕಳಿಸುವ ಖಾತೆಯ ಪಾಸ್‌ವರ್ಡ್ ಇತ್ತು. ಕೈ ತಣ್ಣಗಾಯಿತು.

ಪಾಸ್‌ವರ್ಡನ್ನು ಆ ಕ್ಷಣವೇ ಬದಲಿಸಿದೆವು. ಹೊಸ ಸರ್ವರ್ ಚಾಲೂ ಆದಾಗಿನಿಂದ ಆ ವಿಳಾಸವನ್ನು ಯಾರಾದರೂ ಕೇಳಿದ್ದಾರೆಯೇ ಎಂದು ಲಾಗಿನಲ್ಲಿ ಹುಡುಕಿದೆ. ನನ್ನದೊಂದೇ ಇತ್ತು. ಮರುದಿನ ಬೆಳಗ್ಗೆ ಸ್ಮಾರ್ಟಿಯ ನಾಲ್ಕೂ ಫೋಲ್ಡರುಗಳನ್ನು, ಕಂಪೋಸರಿನ ವೆಂಡರ್ ಫೋಲ್ಡರನ್ನು ವೆಬ್ ರೂಟಿನಿಂದ, ಅಂದರೆ ಬ್ರೌಸರಿಗೆ ಕಾಣುವ ಫೋಲ್ಡರಿನಿಂದ, ಒಂದು ಮೆಟ್ಟಿಲು ಮೇಲೆ ಇಟ್ಟೆವು. ರೂಟಿನೊಳಗೆ ಉಳಿದದ್ದು ಇಂಡೆಕ್ಸ್ ಪಿಎಚ್‌ಪಿ, ಚಿತ್ರಗಳು, ಸಿಎಸ್‌ಎಸ್ ಅಷ್ಟೇ. ಎನ್‌ಜಿನ್‌ಎಕ್ಸಿನಲ್ಲಿ ತಡೆಯುವ ಸಾಲು ಬರೆದರೂ ಸಾಕಾಗುತ್ತಿತ್ತು. ಆದರೆ ಸಾಲು ಬರೆದರೆ ಮುಂದಿನ ಸಲ ಸರ್ವರ್ ಬದಲಿಸುವವರು ಅದನ್ನೂ ಮರೆಯಬಹುದು. ಫೈಲೇ ಆ ಜಾಗದಲ್ಲಿ ಇಲ್ಲದಿದ್ದರೆ ಮರೆಯಲು ಏನೂ ಇರುವುದಿಲ್ಲ. ಫೋಲ್ಡರುಗಳ ಜಾಗ ಬದಲಾದ್ದರಿಂದ ಸೆಮ್ಯಾನೇಜಿನ ನಿಯಮಗಳನ್ನು ಹೊಸ ವಿಳಾಸಕ್ಕೆ ಮತ್ತೆ ಬರೆಯಬೇಕಾಯಿತು, ಈ ಸಲ ಹುಡುಗನೇ ಬರೆದ. ಪೂರ್ತಿ ವಿಳಾಸಗಳನ್ನು ಕೋಡಿನಲ್ಲಿ ನಾವೇ ಕೊಟ್ಟೆವು, ಸ್ಮಾರ್ಟಿ ತಾನಾಗಿ ಊಹಿಸಿಕೊಳ್ಳಲು ಬಿಡಲಿಲ್ಲ.

ಇಡೀ ಪ್ರಕರಣದಲ್ಲಿ ದಿಕ್ಕು ಬದಲಿಸಬಹುದಾಗಿದ್ದ ಜಾಗ ಒಂದೇ: 'ಸರಿಹೋಯ್ತು' ಎಂಬ ಮೆಸೇಜ್ ಬಂದ ಸಂಜೆ. ಅವತ್ತು 'ಹೇಗೆ' ಎಂದು ಕೇಳಿದ್ದರೆ ಹಬ್ಬದ ಬೆಳಗ್ಗೆ ಹಾಗೆ ಆಗುತ್ತಿರಲಿಲ್ಲ. ಜತೆಗೆ ಒಂದು ಸಲ ಬೇಕೆಂದೇ ರೀಬೂಟ್ ಮಾಡಿ, ಒಂದು ಟೆಂಪ್ಲೇಟಿನಲ್ಲಿ ಒಂದು ಅಕ್ಷರ ಬದಲಿಸಿ, ಪುಟ ಬರುತ್ತದೆಯೇ ಎಂದು ನೋಡಿದ್ದರೂ ಸಾಕಿತ್ತು. ಬರೀ ಪುಟ ತೆರೆದು ನೋಡಿದರೆ ಸಾಲದು. ಮೊದಲೇ ಬರೆದಿಟ್ಟ ಪುಟ ಬೀಗ ಬಿದ್ದಿದ್ದರೂ ಓಡುತ್ತದೆ, ಎಲ್ಲಾ ಸರಿ ಇದೆ ಎಂದು ನಂಬಿಸುತ್ತದೆ.

ಡಿಸೆಂಬರಿನಲ್ಲಿ ಕರ್ನಲ್ ಅಪ್‌ಡೇಟ್ ಬಂತು. ಹುಡುಗ ನನಗೆ ಹೇಳದೆಯೇ ಮಧ್ಯಾಹ್ನ ಮೂರಕ್ಕೆ, ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ, ಸರ್ವರನ್ನು ರೀಬೂಟ್ ಮಾಡಿದ್ದ. ಆಮೇಲೆ ಅಡಿಬರಹದ ಟೆಂಪ್ಲೇಟಿನಲ್ಲಿ ಒಂದು ಪೂರ್ಣವಿರಾಮ ಸೇರಿಸಿ, ಪುಟ ತೆರೆದು, ಅದನ್ನು ತೆಗೆದು, ಮತ್ತೆ ತೆರೆದು ನೋಡಿದ್ದ. ಸಂಜೆ ಮೆಸೇಜ್ ಬಂತು: "ರೀಬೂಟ್ ಮಾಡಿ ನೋಡ್ದೆ ಸರ್. ಗೆಟ್‌ಎನ್‌ಫೋರ್ಸ್ ಹೊಡೆದ್ರೆ ಎನ್‌ಫೋರ್ಸಿಂಗ್ ಅಂತಾನೇ ಬರ್ತಿದೆ, ಪುಟಾನೂ ಬರ್ತಿದೆ."